ಅಚ್ಚಿನ ಚಿತ್ರಕ್ಕೆ ಬಣ್ಣ: ಮೊದಲು ಶಾಯಿಯನ್ನು ನೋಡಿ

ರಬ್ಬರ್ ಸ್ಟ್ಯಾಂಪಿನಿಂದ ಒತ್ತಿದ ಚಿತ್ರಕ್ಕೆ ಮಾರ್ಕರ್ ತಾಗಿಸಿದೊಡನೆ ಗೆರೆಗಳು ಕದಡಿದರೆ, ಬಹುಮಟ್ಟಿಗೆ ಅದಕ್ಕೆ ಕಾರಣ ಕೈಯಲ್ಲ, ಶಾಯಿ. ಆಲ್ಕೋಹಾಲ್ ಮಾರ್ಕರ್ ಬಳಸುವವರು ಮೆಮೆಂಟೋ ಬ್ರ್ಯಾಂಡಿನಂತಹ ನೀರು ಆಧಾರಿತ ಡೈ (ಕರಗಿದ ಬಣ್ಣದ) ಶಾಯಿಯಿಂದ ಅಚ್ಚೊತ್ತುವುದು ಒಳ್ಳೆಯದು. ದ್ರಾವಕ ಆಧಾರಿತ ಶಾಯಿಯನ್ನು ಆಲ್ಕೋಹಾಲ್ ಕರಗಿಸಿಬಿಡುತ್ತದೆ. ನೀರಿನ ಮಾರ್ಕರ್‌ಗಳಿಗಾದರೆ ಲೆಕ್ಕ ತಿರುಗುಮುರುಗಾಗಿ, ನೀರಿಗೆ ಕದಡದ ಶಾಯಿಯೇ ಬೇಕಾಗುತ್ತದೆ. ಬೆಂಗಳೂರಿನ ಮಳೆಗಾಲದ ತೇವದಲ್ಲಿ ಶಾಯಿ ನಿಧಾನವಾಗಿ ಒಣಗುವುದರಿಂದ ಅವಸರ ಬೇಡ.

ಅವೆನ್ಯೂ ರಸ್ತೆಯ ಕಾಗದದಂಗಡಿಗಳಲ್ಲಿ ಮಾರ್ಕರ್‌ಗೆಂದು ಸುಮಾರು 250 ಜಿಎಸ್ಎಂನ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕದ) ನುಣುಪಾದ ಬಿಳಿ ಕಾರ್ಡನ್ನು ಕೇಳಿ. ಬರಿಯ ಬಣ್ಣದ ಪೆನ್ಸಿಲ್ ಕೆಲಸಕ್ಕೆ ತುಸು ತರಿಯಿರುವ ಕಾಗದವೇ ಬಣ್ಣವನ್ನು ಹಿಡಿದಿಟ್ಟುಕೊಳ್ಳುತ್ತದೆ.

ಮೊದಲು ತಿಳಿಬಣ್ಣವನ್ನು ಇಡೀ ಭಾಗಕ್ಕೆ ಹಚ್ಚಿ, ಅದು ಹಸಿಯಿರುವಾಗಲೇ ನೆರಳಿನ ಕಡೆಯಿಂದ ಗಾಢಬಣ್ಣವನ್ನು ಎಳೆದು, ಎರಡೂ ಸೇರುವ ಅಂಚಿನ ಮೇಲೆ ಮತ್ತೆ ತಿಳಿಬಣ್ಣದ ಮಾರ್ಕರನ್ನು ಆಡಿಸಿದರೆ ಗೆರೆ ಮಾಯವಾಗುತ್ತದೆ. ಇದೊಂದನ್ನು ರೂಢಿಸಿಕೊಂಡರೆ ದುಬಾರಿ ಸೆಟ್ಟುಗಳ ಅಗತ್ಯವೇ ಇಲ್ಲವೆಂಬುದು ನನ್ನ ಅಭಿಪ್ರಾಯ. ಪೆನ್ಸಿಲನ್ನು ಮಾರ್ಕರ್ ಪೂರ್ತಿ ಒಣಗಿದ ಮೇಲೆಯೇ ಬಳಸಿ. ಮೊದಲೇ ಹಚ್ಚಿದರೆ ಅದರ ಮೇಣ ಮಾರ್ಕರಿನ ತುದಿಯಲ್ಲಿ ಕಟ್ಟಿಕೊಳ್ಳುತ್ತದೆ. ಪೆನ್ಸಿಲ್ ಬಣ್ಣಗಳನ್ನು ಬೆರೆಸಲು ಕಾಗದದ ಸ್ಟಂಪ್‌ಗೆ (ಬಿಗಿಯಾಗಿ ಸುತ್ತಿದ ಕಾಗದದ ಕಡ್ಡಿಗೆ) ವಾಸನೆರಹಿತ ಮಿನರಲ್ ಸ್ಪಿರಿಟ್ ಎಂಬ ದ್ರಾವಕವನ್ನು ತೀರಾ ಸ್ವಲ್ಪವೇ ಸೋಕಿಸಿ, ಕಿಟಕಿ ತೆರೆದಿಟ್ಟು ಉಜ್ಜಿರಿ.