ಕೊಲೆಗಾರ ಯಾರೆಂದು ಗೊತ್ತಾದ ಮೇಲೆ ‘ಬ್ರಾಡ್‌ಚರ್ಚ್’ ನೋಡುವುದು ಹೇಗೆ

ಮೊದಲೇ ಹೇಳಿಬಿಡುತ್ತೇನೆ. 2013ರ ಬ್ರಿಟಿಷ್ ಸೀರಿಯಲ್ ‘ಬ್ರಾಡ್‌ಚರ್ಚ್’ನ ಮೊದಲ ಸೀಸನ್ ನೋಡದವರು ಇಲ್ಲಿಗೇ ನಿಲ್ಲಿಸಿ. ಹನ್ನೊಂದು ವರ್ಷದ ಡ್ಯಾನಿಯನ್ನು ಕೊಂದವನು ಜೋ. ತನಿಖೆ ಮಾಡುತ್ತಿದ್ದ ಪೊಲೀಸ್ ಅಧಿಕಾರಿ ಎಲ್ಲಿ ಮಿಲ್ಲರ್‌ಳ ಗಂಡ.

ಇದು ಗೊತ್ತಾದ ಮೇಲೆ ಮತ್ತೆ ನೋಡೋದು ಯಾಕೆ ಅಂತ ನಮ್ಮೆಜಮಾನ್ರು ಕೇಳಿದರು. ಅವರು ಎದ್ದು ಹೋದರು. ಉಳಿದವರು ನಾನು, ನಾದಿನಿ, ನಮ್ಮ ಅತ್ತೆ. ಅತ್ತೆಗೆ ಇಂಗ್ಲಿಷ್ ಬಾರದು. ಐದು ನಿಮಿಷಕ್ಕೊಮ್ಮೆ ನಿಲ್ಲಿಸಿ ಕನ್ನಡದಲ್ಲಿ ಹೇಳಬೇಕು. ಮೊದಲು ಕಿರಿಕಿರಿ ಆಗುತ್ತಿತ್ತು. ಈಗ ನಾನು ಎಲ್ಲರಿಗೂ ಹೀಗೇ ನೋಡಿ ಅನ್ನುತ್ತೇನೆ.

ಇರೋದು ಎಂಟೇ ಕಂತು. ಭಾನುವಾರಕ್ಕೆ ಎರಡರಂತೆ ನೋಡಿ, ಜಾಸ್ತಿ ಬೇಡ. ಮಾತಿಗೆ ಹೊತ್ತು ಉಳಿಯಬೇಕು. ಸುಳಿವು ಹುಡುಕುವ ಚಟ ಮಾತ್ರ ಬಿಡಿ. ಜೋನ ಮುಖವನ್ನೇ ದಿಟ್ಟಿಸಿ ‘ನೋಡು, ಕಣ್ಣು ತಪ್ಪಿಸಿದ’ ಅನ್ನುವುದರಲ್ಲಿ ಅರ್ಥವಿಲ್ಲ. ಶೂಟಿಂಗ್ ನಡೆಯುವಾಗ ಹೆಚ್ಚಿನ ನಟರಿಗೇ ಕೊಲೆಗಾರ ಯಾರೆಂದು ಹೇಳಿರಲಿಲ್ಲ.

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಒಬ್ಬೊಬ್ಬರಿಗೆ ಒಂದು ಪುಟ ಅಂತಲ್ಲ, ಒಂದೊಂದು ಮನೆಗೆ ಒಂದು ಪುಟ. ಡ್ಯಾನಿಯ ಮನೆ, ಮಿಲ್ಲರ್ ಮನೆ, ಪೇಪರ್ ಅಂಗಡಿಯ ಮುದುಕ ಜ್ಯಾಕ್, ಕ್ಯಾರವಾನಿನ ಸೂಸನ್. ಪ್ರತಿ ಕಂತಾದ ಮೇಲೆ ಯಾರು ಯಾರಿಂದ ಏನು ಮುಚ್ಚಿಟ್ಟಿದ್ದಾರೆ ಅಂತ ಬರೆಯಿರಿ. ಡ್ಯಾನಿಯ ಅಪ್ಪ ಮಾರ್ಕ್ ಆ ರಾತ್ರಿ ಹೋಟೆಲಿನ ಬೆಕಾಳ ಜೊತೆಗಿದ್ದದ್ದನ್ನು ಮುಚ್ಚಿಟ್ಟ. ಸ್ವಂತ ಮಗನ ಕೊಲೆಯ ತನಿಖೆಯಲ್ಲೇ ಸುಳ್ಳು ಹೇಳಿದ! ನಮ್ಮ ಪುಸ್ತಕದಲ್ಲಿ ಅವನ ಮನೆಯ ಪುಟವೇ ಮೊದಲು ತುಂಬಿತು. ಮಿಲ್ಲರ್ ಮನೆಯ ಪುಟ ಕೊನೆಯವರೆಗೂ ಹೆಚ್ಚುಕಡಿಮೆ ಖಾಲಿ.

ಇನ್ನು ಮುಖ್ಯ ವಿಷಯ. ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ ‘ಯು’. ಕನ್ನಡದಲ್ಲಿ ಹೇಳಲು ಹೊರಟ ತಕ್ಷಣ ನೀನು ಅನ್ನಬೇಕೋ ನೀವು ಅನ್ನಬೇಕೋ ಅಂತ ತೀರ್ಮಾನಿಸಲೇಬೇಕು, ಅಲ್ವಾ? ಅಲ್ಲೇ ಜಗಳ ಶುರುವಾಗುತ್ತದೆ. ಆ ಜಗಳವೇ ನಿಮಗೆ ಬೇಕಾದದ್ದು.

ಎಲ್ಲಿ ರಜೆ ಮುಗಿಸಿ ಬರುವ ಹೊತ್ತಿಗೆ ಅವಳಿಗೆ ಸಿಗಬೇಕಿದ್ದ ಹುದ್ದೆ ಹೊರಗಿನಿಂದ ಬಂದ ಹಾರ್ಡಿಯ ಪಾಲಾಗಿರುತ್ತದೆ. ಅವನು ಅವಳನ್ನು ‘ಮಿಲ್ಲರ್’ ಅಂತಲೇ ಕರೆಯುತ್ತಾನೆ. ಎಲ್ಲಿ ಅನ್ನಿ ಅಂದರೂ ಬಾಯಿ ಬರುವುದಿಲ್ಲ. (ನಮ್ಮನೆಯಲ್ಲೂ ಆ ಹೆಸರು ನಡೆಯಲಿಲ್ಲ. ನಾವು ‘ಎಲ್ಲಿ’ ಅಂದಾಗಲೆಲ್ಲ ಅತ್ತೆ ‘ಏನು ಎಲ್ಲಿ?’ ಅನ್ನುತ್ತಿದ್ದರು. ಕೊನೆಗೆ ಅವಳು ಮಿಲ್ಲರಮ್ಮ ಆದಳು.) ಹಾರ್ಡಿ ಸಿಡುಕ, ಮೇಲಧಿಕಾರಿ ಬೇರೆ, ನೀನು ಅಂತಲೇ ಅನ್ನುತ್ತಾನೆ ಅಂದೆ ನಾನು. ‘ಆಫೀಸಿನ ಹೆಣ್ಮಗಳಿಗೆ ಯಾರಾದ್ರೂ ನೀನು ಅಂತಾರೇನೇ? ಸಿಟ್ಟಿದ್ರೂ ನೀವು ಅಂತಲೇ ಸಿಟ್ಟು ಮಾಡ್ತಾನೆ,’ ಅಂದರು ಅತ್ತೆ. ಯೋಚಿಸಿ ನೋಡಿದರೆ ಅವರದ್ದೇ ಸರಿ. ಅವನ ಒರಟುತನದಲ್ಲಿ ಸಲಿಗೆ ಇಲ್ಲ, ದೂರ ಇದೆ.

ನಾಲ್ಕನೇ ಕಂತಿನಲ್ಲಿ ಹಾರ್ಡಿ ಅವರ ಮನೆಗೆ ಊಟಕ್ಕೆ ಬರುತ್ತಾನೆ. ಹೂವು, ವೈನ್, ಚಾಕೊಲೇಟ್ ಮೂರನ್ನೂ ಹೊತ್ತು ತಂದಿರುತ್ತಾನೆ, ಪಾಪ. ಈ ದೃಶ್ಯವನ್ನು ಎರಡು ಸಲ ನೋಡಿ. ಮೊದಲ ಸಲ ನೋಡುವಾಗ ಅದು ತಮಾಷೆ. ಗೊತ್ತಾದ ಮೇಲೆ ಆ ಮೇಜೇ ಬೇರೆ. ಎಲ್ಲಿ ಕೆಲಸಕ್ಕೆ ಹೋದರೆ ಕೂಸನ್ನು ನೋಡಿಕೊಂಡು ಮನೆಯಲ್ಲಿರುವವನು ಜೋ. ಅತ್ತೆಗೆ ಮೊದಲಿನಿಂದಲೂ ಅವನ ಮೇಲೆ ಬಲು ಪ್ರೀತಿ, ‘ಎಂಥ ಗಂಡ!’ ಅಂತ. ಮಿಲ್ಲರಮ್ಮ ಅವನನ್ನು ‘ರೀ’ ಅನ್ನುತ್ತಾಳೋ ‘ಲೋ’ ಅನ್ನುತ್ತಾಳೋ ಅಂತ ಅವತ್ತು ಅರ್ಧ ಗಂಟೆ ವಾದ. ನಾದಿನಿ ‘ಲೋ’ ಕಡೆ.

ಜ್ಯಾಕ್‌ನ ಕಥೆಗೆ ಹೆಚ್ಚು ಚರ್ಚೆ ಬೇಕಿಲ್ಲ. ಊರು ಅವನನ್ನು ಏಕವಚನಕ್ಕೆ ಇಳಿಸುವುದು ಯಾವ ಕಂತಿನಲ್ಲಿ ಅಂತ ಮಾತ್ರ ಗುರುತು ಹಾಕಿ.

ಕೊನೆಯ ಎರಡು ಕಂತುಗಳನ್ನು ಒಂದೇ ದಿನ ನೋಡಲೇಬೇಕು. ಏಳನೆಯದರಲ್ಲಿ ಎಲ್ಲಿ ಸೂಸನ್‌ಳನ್ನು ವಿಚಾರಿಸುತ್ತಾಳೆ. ಸೂಸನ್‌ಳ ಗಂಡ ಹೆಣ್ಣುಮಕ್ಕಳಿಗೆ ಮಾಡಿದ ಅನ್ಯಾಯ ನಿನ್ನದೇ ಮನೆಯಲ್ಲಿದ್ದೂ ನಿನಗೆ ಗೊತ್ತಾಗದಿದ್ದದ್ದು ಹೇಗೆ ಅಂತ ಕೇಳುತ್ತಾಳೆ. ಇಲ್ಲಿ ನಿಲ್ಲಿಸಿ, ಆ ಪ್ರಶ್ನೆಯನ್ನು ಪುಸ್ತಕದಲ್ಲಿ ಬರೆದುಕೊಳ್ಳಿ. ಎಂಟನೆಯದರಲ್ಲಿ ಹಾರ್ಡಿ ಅವಳನ್ನು ಕೂರಿಸಿಕೊಂಡು ಜೋನ ವಿಷಯ ಹೇಳುವಾಗ ‘ಎಲ್ಲಿ’ ಅನ್ನುತ್ತಾನೆ. ಅತ್ತೆ ಆವತ್ತು ‘ಏನು ಎಲ್ಲಿ’ ಅನ್ನಲಿಲ್ಲ.

ಆಮೇಲೆ ಡ್ಯಾನಿಯ ಅಮ್ಮ ಬೆತ್ ಅದೇ ಪ್ರಶ್ನೆಯನ್ನು ಎಲ್ಲಿಗೆ ಕೇಳುತ್ತಾಳೆ. ಬೆತ್ ಮತ್ತು ಎಲ್ಲಿ ಗೆಳತಿಯರು, ಮಕ್ಕಳೂ ಗೆಳೆಯರು. ಏಳು ಕಂತು ನಾವು ಅವರಿಬ್ಬರಿಗೂ ‘ಏನೇ’, ‘ಹೋಗೇ’ ಅಂತಲೇ ಮಾತು ಹಾಕಿದ್ದೆವು. ನಾನು ಹೇಳಲು ಬಾಯಿ ತೆರೆಯುವ ಮೊದಲೇ, ಭಾಷೆ ಬಾರದ ಅತ್ತೆ ಟಿವಿ ನೋಡುತ್ತಲೇ ಮೆಲ್ಲಗೆ ಅಂದರು: ‘ನಿಮಗೆ ಗೊತ್ತಾಗಲಿಲ್ವಾ?’