ಎತ್ತಿದ ಕಾರು ತಾನೇ ಇಳಿಯುತ್ತಿದ್ದ ಟ್ರಾಲಿ ಜಾಕ್

ಶೆಡ್‌ನಲ್ಲಿದ್ದ ಹಳೇ 2 ಟನ್ ಟ್ರಾಲಿ ಜಾಕ್ ಕಾರನ್ನೇನೋ ಎತ್ತುತ್ತಿತ್ತು. ಆದರೆ ನಿಲ್ಲಿಸುತ್ತಿರಲಿಲ್ಲ, ನೋಡನೋಡುತ್ತಲೇ ಇಳಿದುಬಿಡುತ್ತಿತ್ತು. ಹೊರಗೆ ಎಲ್ಲೂ ಆಯಿಲ್ ಸೋರಿರಲಿಲ್ಲ. ಹಾಗಾಗಿ ಸೀಲ್‌ಗಿಂತ ಮೊದಲು ಜಾಕ್ ಇಳಿಸಲು ಆಯಿಲ್ ಹಿಂದಕ್ಕೆ ಬಿಡುವ ರಿಲೀಸ್ ವಾಲ್ವ್ ಮೇಲೆ ಅನುಮಾನ ಬಂತು.

ಹಳೇ ಆಯಿಲ್ ಸುರಿದರೆ ಕಷಾಯದ ಹಾಗೆ ಕಪ್ಪಗಿತ್ತು. ರಿಲೀಸ್ ಸ್ಕ್ರೂ ಪೂರ್ತಿ ಬಿಚ್ಚಿದಾಗ ಹಿಂದೆ ಒಂದು ಸಣ್ಣ ಸ್ಟೀಲ್ ಬಾಲ್ ಸಿಕ್ಕಿತು. ಅದು ತನ್ನ ಸೀಟ್ ಮೇಲೆ ಸರಿಯಾಗಿ ಕೂತರೆ ಮಾತ್ರ ಒತ್ತಡ ನಿಲ್ಲುತ್ತದೆ. ಇಲ್ಲಿ ಸೀಟ್‌ನಲ್ಲಿ ಕೊಳೆ, ಬಾಲ್ ಮೇಲೆ ತುಕ್ಕಿನ ಚುಕ್ಕೆ. ಇನ್ನೆಲ್ಲಿ ನಿಲ್ಲುತ್ತೆ, ಅಲ್ವಾ? ಎಲ್ಲ ಡೀಸೆಲ್‌ನಲ್ಲಿ ತೊಳೆದು ಗಾಳಿ ಹೊಡೆದೆ. ಬೇರಿಂಗ್ ಅಂಗಡಿಯಿಂದ ಅದೇ ಸೈಜಿನ ಹೊಸ ಬಾಲ್ ತಂದು ಕೂರಿಸಿದೆ. ಮೇಲೆ ಹಿತ್ತಾಳೆ ಸರಳಿಟ್ಟು ಮೆತ್ತಗೆ ಒಂದು ಏಟು. ಸೀಟ್‌ನಲ್ಲಿ ಬಾಲ್‌ನ ಅಚ್ಚು ಬೀಳಬೇಕು, ಅಷ್ಟೇ. ಜೋರಾಗಿ ಹೊಡೆದರೆ ಸೀಟೇ ಹೋಗುತ್ತದೆ. ಹೇಗೂ ಬಿಚ್ಚಿದ್ದಾಯ್ತಲ್ಲ ಅಂತ ಓ-ರಿಂಗ್‌ಗಳನ್ನೂ ಬದಲಿಸಿದೆ.

ಆಯಿಲ್‌ನಲ್ಲಿ ಜುಗ್ಗತನ ಬೇಡ. ಕೈಗೆ ಸಿಕ್ಕಿತು ಅಂತ ಸುಮ್ನೆ ಬ್ರೇಕ್ ಆಯಿಲ್ ಸುರಿಯುವವರಿದ್ದಾರೆ. ಅದರಿಂದ ಜಾಕ್‌ನ ರಬ್ಬರ್ ಸೀಲ್‌ಗಳು ಉಬ್ಬಿ ಹಾಳಾಗುತ್ತವೆ. ನಾನು 32 ಗ್ರೇಡ್ ಹೈಡ್ರಾಲಿಕ್ ಆಯಿಲ್ ಹಾಕಿದೆ. ರ‍್ಯಾಮ್ (ಆಯಿಲ್ ಒತ್ತಡಕ್ಕೆ ಹೊರಚಾಚುವ ದಂಡ) ಪೂರ್ತಿ ಒಳಗಿರುವಾಗಲೇ ತುಂಬಬೇಕು, ಇಲ್ಲದಿದ್ದರೆ ಜಾಸ್ತಿಯಾಗುತ್ತದೆ. ಆಮೇಲೆ ವಾಲ್ವ್ ತೆರೆದಿಟ್ಟು ಹಿಡಿಕೆಯನ್ನು ಹತ್ತಿಪ್ಪತ್ತು ಸಲ ಒತ್ತಿದರೆ ಒಳಗೆ ಸಿಕ್ಕಿಕೊಂಡ ಗಾಳಿ ಹೊರಬರುತ್ತದೆ.

ಚಕ್ರಗಳಿಗೆ ಗ್ರೀಸ್, ಮೈಗೆ ಒಂದು ಕೋಟ್ ಪೇಂಟ್. ಈಗ ರಾತ್ರಿಯಿಡೀ ಬಿಟ್ಟರೂ ಕಾರು ಇಳಿಯುವುದಿಲ್ಲ. ಆದರೂ ಕೆಳಗೆ ನುಗ್ಗುವ ಮುಂಚೆ ಜಾಕ್ ಸ್ಟ್ಯಾಂಡ್ ಇಟ್ಟೇ ಇಡುತ್ತೇನೆ.