ಯಾರದೋ ಗಲಾಟೆ, ತಡವಾದದ್ದು ನಮ್ಮ ವಿಮಾನ: ಬ್ರಿಟನ್ನಿನಲ್ಲಿ ಪರಿಹಾರ ಕೇಳುವ ಬಗೆ

ಹೀಥ್ರೂನಿಂದ ಬೆಂಗಳೂರಿಗೆ ಹೊರಟ ವಿಮಾನದಲ್ಲಿ ಒಬ್ಬ ಕುಡಿದು ಸಿಬ್ಬಂದಿಯ ಮೇಲೆ ಕೈಮಾಡುತ್ತಾನೆ. ಪೈಲಟ್ ಬೇರೊಂದು ಊರಲ್ಲಿ ವಿಮಾನ ಇಳಿಸಿ ಅವನನ್ನು ಪೊಲೀಸರಿಗೆ ಒಪ್ಪಿಸುತ್ತಾರೆ. ನೀವು ಮನೆ ಸೇರುವುದು ಐದು ಗಂಟೆ ತಡ. ಪರಿಹಾರ ಕೇಳಿದರೆ 'ಇದು ಅಸಾಧಾರಣ ಸನ್ನಿವೇಶ, ಹಣ ಕೊಡಲಾಗದು' ಎಂಬ ಉತ್ತರ ಬರುತ್ತದೆ. ಅದನ್ನು ಓದಿ ಸುಮ್ಮನಾಗಬೇಡಿ.

ವಿಮಾನ ತಡವಾದರೆ ಪರಿಹಾರ ಕೊಡಿಸುವ ಬ್ರಿಟನ್ನಿನ 'ಯುಕೆ 261' ನಿಯಮ ಅಲ್ಲಿಂದ ಹೊರಡುವ ಎಲ್ಲ ವಿಮಾನ ಕಂಪನಿಗಳಿಗೂ ಅನ್ವಯಿಸುತ್ತದೆ. ಬೆಂಗಳೂರಿನಿಂದ ಬರುವಾಗ ಮಾತ್ರ ಬ್ರಿಟನ್ ಅಥವಾ ಐರೋಪ್ಯ ಒಕ್ಕೂಟದ ಕಂಪನಿಯೇ ಆಗಿರಬೇಕು. ಅಂದರೆ ಏರ್ ಇಂಡಿಯಾದಲ್ಲಿ ಹೋಗುವಾಗ ಈ ರಕ್ಷಣೆ ಉಂಟು, ಬರುವಾಗ ಇಲ್ಲ. 3,500 ಕಿ.ಮೀ. ಮೀರಿದ ಪ್ರಯಾಣದಲ್ಲಿ ತಲುಪುವುದು 4 ಗಂಟೆ ತಡವಾದರೆ 520 ಪೌಂಡ್, 3ರಿಂದ 4 ಗಂಟೆಯೊಳಗಾದರೆ 260.

ಗಲಾಟೆ ಅಸಾಧಾರಣ ಸನ್ನಿವೇಶವೇ ಎಂದು ಐರೋಪ್ಯ ಒಕ್ಕೂಟದ ನ್ಯಾಯಾಲಯ 2020ರ ಜೂನ್ 11ರಂದು, ಪೋರ್ಚುಗಲ್ಲಿನ ವಿಮಾನ ಕಂಪನಿ ಟ್ಯಾಪ್‌ನ ಪ್ರಕರಣದಲ್ಲಿ ಒಪ್ಪಿತು. ಆದರೆ ಎರಡು ಷರತ್ತು ಹಾಕಿತು. ಹತ್ತುವಾಗಲೇ ಆತನ ವರ್ತನೆ ಕೆಟ್ಟದಾಗಿದ್ದೂ ಹತ್ತಿಸಿಕೊಂಡಿದ್ದರೆ, ಅದರಲ್ಲಿ ಕಂಪನಿಯ ಪಾಲೂ ಇದೆ, ಆಗ ಈ ನೆಪ ನಡೆಯದು. ಎರಡನೆಯದು, ಉಳಿದವರನ್ನು ಬೇಗ ತಲುಪಿಸಲು, ಬೇರೆ ಕಂಪನಿಯ ವಿಮಾನವಾದರೂ ಸರಿ, ಸಾಧ್ಯವಿದ್ದುದನ್ನೆಲ್ಲ ಮಾಡಿರಬೇಕು. ನಿಮ್ಮ ವಾದವೆಲ್ಲ ಈ ಎರಡರ ಮೇಲೇ ನಿಲ್ಲುವುದು.

ಹಾಗಾಗಿ ಕಂಡದ್ದನ್ನು ಆಗಲೇ ಫೋನಿನಲ್ಲಿ ಬರೆದಿಟ್ಟುಕೊಳ್ಳಿ: ಗೇಟಿನ ಬಳಿ ಆತ ತೂರಾಡುತ್ತಿದ್ದನೇ, ಸಿಬ್ಬಂದಿ ಅದನ್ನು ನೋಡಿದರೇ, ಹತ್ತಿದ ಮೇಲೂ ಮದ್ಯ ಕೊಟ್ಟರೇ, ಎಷ್ಟು ಹೊತ್ತಿಗೆ ಏನಾಯಿತು. ಪಕ್ಕದ ಸೀಟಿನವರ ನಂಬರು ಪಡೆಯಿರಿ. ಗಲಾಟೆಗೆ ನೀವು ತಲೆಹಾಕಬೇಡಿ, ಕರೆಗಂಟೆ ಒತ್ತಿ. ಮೊದಲು ಬಾಯಿಮಾತಿನ ಎಚ್ಚರಿಕೆ, ಆಮೇಲೆ ಲಿಖಿತ ಎಚ್ಚರಿಕೆ, ಕೊನೆಗೆ ಕೈಕಟ್ಟಿ ಕೂರಿಸುವುದು ಸಿಬ್ಬಂದಿಯ ಕ್ರಮ. ವಿಮಾನದಲ್ಲಿ ಅಮಲೇರಿದ್ದರೆ 2 ವರ್ಷ, ವಿಮಾನವನ್ನೇ ಅಪಾಯಕ್ಕೆ ಒಡ್ಡಿದರೆ 5 ವರ್ಷದವರೆಗೆ ಜೈಲಾಗಬಹುದು. ಎಚ್ಚರಿಕೆ ಚೀಟಿ ತಪ್ಪಾಗಿ ನಿಮ್ಮ ಕೈಗೇ ಬಂದರೂ ಅಲ್ಲಿ ವಾದಿಸಬೇಡಿ. ಇಳಿದ ಮೇಲೆ ಬರೆದು ದೂರು ಕೊಡಿ.

ಊಟ-ತಿಂಡಿ, ರಾತ್ರಿ ಉಳಿಯಬೇಕಾದರೆ ಹೋಟೆಲು, ಇವಕ್ಕೆ ಅಸಾಧಾರಣ ಸನ್ನಿವೇಶದ ನೆಪ ನಡೆಯುವುದಿಲ್ಲ. ಕೊಡದಿದ್ದರೆ ಮಿತವಾಗಿ ಖರ್ಚು ಮಾಡಿ ರಸೀದಿ ಇಟ್ಟುಕೊಳ್ಳಿ.

ದೂರು ಮೊದಲು ಕಂಪನಿಗೇ ಹೋಗಬೇಕು: ಬುಕಿಂಗ್ ಸಂಖ್ಯೆ, ವಿಮಾನದ ಸಂಖ್ಯೆ, ಬಾಗಿಲು ತೆರೆದ ಸಮಯ (ತಡದ ಲೆಕ್ಕ ನಿಲ್ಲುವುದು ಅಲ್ಲಿಗೆ, ಚಕ್ರ ನೆಲ ಮುಟ್ಟಿದಾಗ ಅಲ್ಲ), ಮೇಲಿನ ಎರಡು ಷರತ್ತನ್ನು ಪಾಲಿಸಿದಿರಾ ಎಂಬ ಪ್ರಶ್ನೆ, ಇಷ್ಟನ್ನೂ ಬರೆಯಿರಿ. 8 ವಾರದಲ್ಲಿ ಸರಿಯಾದ ಉತ್ತರ ಸಿಗದಿದ್ದರೆ ಕಂಪನಿ ಸೇರಿರುವ, ಕೋರ್ಟಿನ ಹೊರಗೇ ಜಗಳ ಬಗೆಹರಿಸುವ ವ್ಯಾಜ್ಯ ಪರಿಹಾರ ಸಂಸ್ಥೆಗೆ, ಅಂಥದ್ದಕ್ಕೆ ಸೇರಿಲ್ಲದಿದ್ದರೆ ಬ್ರಿಟನ್ನಿನ ವಿಮಾನಯಾನ ನಿಯಂತ್ರಕ ಸಂಸ್ಥೆಯಾದ ಸಿವಿಲ್ ಏವಿಯೇಷನ್ ಅಥಾರಿಟಿಗೆ ಬರೆಯಿರಿ. ಕೋರ್ಟಿಗೆ ಹೋಗಲು ಇಂಗ್ಲೆಂಡ್, ವೇಲ್ಸ್‌ನಲ್ಲಿ 6 ವರ್ಷ, ಸ್ಕಾಟ್ಲೆಂಡಿನಲ್ಲಿ 5 ವರ್ಷ ಗಡುವಿದೆ.